ಪಾದ್ರಿಗಳ ಅಂಗೈಗೆ ಬಿದ್ದ ಗೋಲು

ಬಿಸಿ ಯಂತ್ರದಿಂದ ಧೂಳು ಸುಟ್ಟ ವಾಸನೆ ಬಂದರೆ ನನಗೆ ಇವತ್ತಿಗೂ ರೇಗುತ್ತದೆ.

ನಾನು ಚಿಕ್ಕವನಿದ್ದಾಗ ಒಂದು ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ, ನಮ್ಮೂರು ಕುಲಶೇಖರದ ಸಭಾಂಗಣವೊಂದರ ಕಿಟಕಿಗಳಿಗೆ ಕಂಬಳಿ ಕಟ್ಟಿ, ಪಾದ್ರಿಗಳು ಫುಟ್‌ಬಾಲ್ ಚಿತ್ರ ತೋರಿಸುತ್ತಿದ್ದರು. ಬಿಳಿ ಅಂಗಿಯವನೊಬ್ಬ ಚೆಂಡಿನೊಂದಿಗೆ ಗೋಲಿನ ಬಾಯಿಗೇ ಬಂದಿದ್ದ. ಅಷ್ಟರಲ್ಲಿ ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಹೊಡೆಯಿತು. ಎಲ್ಲರೂ ಎದ್ದು ನಿಂತರು. ಸಿನಿಮಾ ಯಂತ್ರ ನಿಲ್ಲಿಸಿದರೆ ದೀಪದ ಬಿಸಿಗೆ ರೀಲು ಸುಡುತ್ತದೆಂದು ಪಾದ್ರಿಗಳು ಅದನ್ನು ಓಡಲು ಬಿಟ್ಟು, ಲೆನ್ಸಿಗೆ ಅಂಗೈ ಅಡ್ಡ ಹಿಡಿದರು.

"ಅಲ್ಲಿ ಗೋಲಾಗ್ತಾ ಉಂಟು!" ಎಂದು ಕಿರುಚಿದೆ.

"ಗೋಲು ಎಲ್ಲಿಗೆ ಓಡಿ ಹೋಗ್ತದೆ ಮಾರಾಯ? ಕಣ್ಣು ಮುಚ್ಚು," ಎಂದು ಗದರಿದ ಪಕ್ಕದಲ್ಲಿದ್ದ ನನ್ನ ಅಜ್ಜಿ, ಸತ್ತವರಿಗಾಗಿ ಇನ್ನೊಂದು ಪ್ರಾರ್ಥನೆ ಶುರು ಮಾಡಿದರು.

ಅಂಗೈ ಸರಿದಾಗ ಬಿಳಿ ಅಂಗಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು.

"ನೋಡಿದಿಯಾ?" ಎಂದರು ಅಜ್ಜಿ. "ನಾವು ಪ್ರಾರ್ಥನೆ ಮಾಡಿದ್ದಕ್ಕೇ ಗೋಲು ಆದದ್ದು."