ವೇಲಾಯುಧನ್ ಮಾಷರ ಪರದೆ

"ಆ ನೀಲಿ ಚಿತ್ರ ಇದ್ಯಲ್ಲ ಮಾಷೇ, ಅದನ್ನ ಒತ್ತಿ," ಎಂದ ಕಂಪ್ಯೂಟರ್ ತರಬೇತಿಯ ಸಜ್ನಾ ಟೀಚರ್ ತಕ್ಷಣ ನಾಲಿಗೆ ಕಚ್ಚಿಕೊಂಡರು. ಇತಿಹಾಸದ ಮೇಷ್ಟ್ರು ವೇಲಾಯುಧನ್ ಮಾಷರಿಗೆ ಹುಟ್ಟಿನಿಂದಲೇ ಕಣ್ಣು ಕಾಣದು.

"ಬಣ್ಣ ಬೇಡ ಟೀಚರೇ, ಹೆಸರು ಹೇಳಿ." ಪರದೆಯ ಮೇಲಿರುವುದನ್ನು ಓದಿ ಹೇಳುವ ದನಿಯೊಂದು ಮಾಷರ ಹೆಡ್‌ಫೋನಿನಲ್ಲಿತ್ತು. ಆದರೆ ಆ ಪಾಠಗಳ ತಂತ್ರಾಂಶ ಮಾಡಿದವರು ಚಿತ್ರಗಳಿಗೆ ಹೆಸರಿಡುವುದನ್ನೇ ಮರೆತಿದ್ದರು. "ಬಟನ್, ಬಟನ್, ಬಟನ್ ಅಂತಿದೆ. ನನ್ನ ಶರ್ಟಲ್ಲೂ ಇಷ್ಟೊಂದು ಬಟನ್ ಇಲ್ಲ."

ತರಬೇತಿಗೆ ಬಂದಿದ್ದ ಕೇರಳದ ತಿರೂರಿನ ಮೇಷ್ಟ್ರುಗಳೆಲ್ಲ ನಕ್ಕರು. ಮಾಷ್ ನಗಲಿಲ್ಲ. ಇಷ್ಟು ವರ್ಷ ತರಗತಿಯ ಕಂಪ್ಯೂಟರಿನಲ್ಲಿ ಪಾಠ ತೆರೆಯಬೇಕಾದಾಗಲೆಲ್ಲ ಅವರು ಯಾರಾದರೊಬ್ಬ ವಿದ್ಯಾರ್ಥಿಯನ್ನು ಕರೆಯುತ್ತಿದ್ದರು. ಈ ಸಲ ಹೆಡ್‌ಮಿಸ್ಟ್ರೆಸ್ ಹೇಳಿಬಿಟ್ಟಿದ್ದರು: "ತರಬೇತಿಯ ಕೊನೇ ಪರೀಕ್ಷೆ ನೀವೇ ಮಾಡಿ ಮುಗಿಸಿದ್ರೆ ಹತ್ತನೇ ಕ್ಲಾಸು ನಿಮ್ಮದೇ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ ಮಾಷೇ." ಆ ಪರೀಕ್ಷೆ ಇವತ್ತು ಸಂಜೆ. ಚೆಲ್ಲಾಪಿಲ್ಲಿ ಬಿದ್ದಿರುವ ಪಾಠಗಳನ್ನು ಹುಡುಕಿ ತಮ್ಮ ತರಗತಿಯ ಫೋಲ್ಡರಿನಲ್ಲಿ ಜೋಡಿಸಿಡಬೇಕು, ಅಷ್ಟೆ. ಹತ್ತನೆಯ ತರಗತಿಗೆ ಇತಿಹಾಸ ಹೇಳುವುದನ್ನು ಬಿಟ್ಟರೆ ಮಾಷರಿಗೆ ಬೇರೆ ಹೆಮ್ಮೆ ಇರಲಿಲ್ಲ.

ಚಹಾ, ಬಾಳೆಹಣ್ಣು ಕರಿದ ಪಳಂಪೊರಿ ಬಂದವು. ಪಕ್ಕದ ಲಿಸ್ಸಿ ಟೀಚರ್ ಗೊಣಗುತ್ತಿದ್ದರು: "ಬೆಳಿಗ್ಗೆಯಿಂದ ಮಿಣಮಿಣ ಅಂತಿತ್ತು ನನ್ನ ಪರದೆ. ಈಗ ಹೋಗೇ ಬಿಡ್ತು."

"ಇರಿ, ನೋಡೋಣ," ಎಂದರು ಮಾಷ್.

ಚಹಾ ಮುಗಿಸಿ ಬಂದ ಸಜ್ನಾ ಟೀಚರ್ ಎಲ್ಲರಿಗೂ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿಸಿದರು. ಮೇಜು ಮೇಜಿನ ಮೇಲೂ ಕಪ್ಪು ಪರದೆ. "ಇದು ಟರ್ಮಿನಲ್. ಹೆದರ್ಬೇಡಿ. ಇಲ್ಲಿ ಚಿತ್ರ ಇಲ್ಲ, ಮೌಸ್ ಬೇಡ. ನಾವು ಅಕ್ಷರದಲ್ಲಿ ಹೇಳೋದು, ಅದು ಅಕ್ಷರದಲ್ಲೇ ಉತ್ತರ ಕೊಡೋದು."

ಎಲ್ಲರೂ ಉಸ್ಸೆಂದರು. ಮಾಷ್ ಮಾತ್ರ ನೆಟ್ಟಗೆ ಕುಳಿತರು.

"ಮೊದಲು ನಾವೆಲ್ಲಿದ್ದೀವಿ ಅಂತ ಕೇಳೋಣ. ಪಿ, ಡಬ್ಲ್ಯು, ಡಿ."

"ರಸ್ತೆಯೋರು ಇಲ್ಲಿಗೂ ಬಂದ್ರಾ?" ಎಂದರು ಲಿಸ್ಸಿ ಟೀಚರ್.

ಮಾಷ್ ಟೈಪ್ ಮಾಡಿ ಎಂಟರ್ ಒತ್ತಿದರು. ಕಿವಿಯ ದನಿ ಹೇಳಿತು: "ಹೋಮ್, ವೇಲಾಯುಧನ್." ಆ ಯಂತ್ರ ಬಟನ್ ಎನ್ನದೆ ಅವರೊಡನೆ ಆಡಿದ ಮೊದಲ ಮಾತು ಅದು.

ಮುಂದಿನ ಆಜ್ಞೆಯಲ್ಲಿ ಒಂದಕ್ಷರ ತಪ್ಪಿತು. ಅಂಥದ್ದೊಂದು ಇಲ್ಲಿಲ್ಲ ಎಂದು ದನಿ ಗದರಿತು. ಮಾಷರ ಮುಖ ಅರಳಿತು. "ಆಹಾ, ಬಯ್ದ್ರೂ ಯಾಕೆ ಅಂತ ಹೇಳಿ ಬಯ್ಯುತ್ತೆ!" ತಿದ್ದಿ ಬರೆದು, ತಲೆ ಓರೆ ಮಾಡಿ ಕಾದರು. "ಟೀಚರೇ, ಈಗ ಮಾತೇ ಇಲ್ಲ. ಮುನಿಸ್ಕೊಂಡಿದ್ಯಾ?"

ಸಜ್ನಾ ಟೀಚರ್ ಕೋಣೆಯ ಆ ತುದಿಯಿಂದಲೇ ಕೂಗಿದರು: "ಕೆಲಸ ಸರಿಯಾಗಿ ಆದ್ರೆ ಅದು ಮಾತಾಡಲ್ಲ ಮಾಷೇ. ತಪ್ಪಾದ್ರೆ ಮಾತ್ರ ಬಾಯಿ ಬಿಡೋದು."

"ನಮ್ಮತ್ತೆನ ಇದರ ಹತ್ರ ಟ್ಯೂಷನ್‌ಗೆ ಕಳಿಸ್ಬೇಕು," ಎಂದರು ಲಿಸ್ಸಿ ಟೀಚರ್.

ಆಮೇಲೆ ಮಾಷ್ ಯಾರನ್ನೂ ಏನೂ ಕೇಳಲಿಲ್ಲ. ಊಟದ ಗಂಟೆಗೂ ಏಳಲಿಲ್ಲ.

ಸಂಜೆ ಸಜ್ನಾ ಟೀಚರ್ ಒಬ್ಬೊಬ್ಬರದೇ ಪರದೆ ನೋಡುತ್ತ ಬಂದರು. ಮಾಷರದು ದೂರದಿಂದ ಎಲ್ಲರ ಪರದೆಯ ಹಾಗೆಯೇ ಕಪ್ಪಗಿತ್ತು. ಹತ್ತಿರ ಬಂದು ಬಗ್ಗಿ ನೋಡಿದರು. ಆ ಕಪ್ಪಿನಲ್ಲಿ ಒಂದಕ್ಷರವೂ ಇರಲಿಲ್ಲ.

"ಮಾಷೇ, ಇದರಲ್ಲಿ ಏನೂ ಇಲ್ವಲ್ಲ!"

"ಇರಲ್ಲ. ಅದು ಲಿಸ್ಸಿ ಟೀಚರದ್ದು, ಚಹಾದ ಹೊತ್ತಿಗೇ ಸತ್ತಿತ್ತು. ನನ್ನದನ್ನ ಅವರಿಗೆ ಕೊಟ್ಟೆ."

"ಮತ್ತೆ ನಿಮ್ಮ ಪರೀಕ್ಷೆ? ನಾನು ಹೇಗೆ ನೋಡ್ಲಿ?"

ಮಾಷ್ ಹೆಡ್‌ಫೋನ್ ತೆಗೆದು ಅವರತ್ತ ಚಾಚಿ, ಪಕ್ಕದ ಕುರ್ಚಿ ತಟ್ಟಿದರು. ಸಜ್ನಾ ಟೀಚರ್ ಕುಳಿತು ಅದನ್ನು ಕಿವಿಗೆ ಹಾಕಿಕೊಂಡರು. ಮಾಷ್ ಎರಡಕ್ಷರ ಒತ್ತಿದರು. ದನಿ ಪಾಠಗಳ ಹೆಸರನ್ನು ಒಂದೇ ಉಸಿರಿಗೆ ಸುರಿಯಿತು.

"ಅಯ್ಯೋ, ಏನಿದು ವೇಗ! ಒಂದೂ ತಿಳೀಲಿಲ್ಲ."

"ಕಣ್ಣು ಬಿಟ್ಕೊಂಡಿದ್ದೀರಾ?"

"ಹೂಂ."

"ಮುಚ್ಚಿ. ಕೇಳ್ಸುತ್ತೆ."

ಅವರು ಮುಚ್ಚಿದರು. ದನಿ ಮತ್ತೊಮ್ಮೆ ಓದಿತು. ಈಗ ಪಾಠಗಳು ಒಂದೊಂದಾಗಿ, ಕ್ರಮವಾಗಿ ಕೇಳಿಸಿದವು, ಒಂದೂ ತಪ್ಪಿರಲಿಲ್ಲ. ಸಜ್ನಾ ಟೀಚರ್ ಕಣ್ಣು ತೆರೆಯಲು ಹೋದರು.

"ಇನ್ನೊಂದಿದೆ, ಇರಿ," ಎಂದ ಮಾಷ್ ಬೆಳಿಗ್ಗೆ ಮೊದಲು ಕಲಿತ ಮೂರಕ್ಷರಗಳನ್ನು ನಿಧಾನವಾಗಿ ಒತ್ತಿದರು.

"ಹೋಮ್, ವೇಲಾಯುಧನ್, ಕ್ಲಾಸ್ ಟೆನ್."