ತಾಳಿ ಕಟ್ಟುವ ಭಾಗ

ಹಾರ್ಡ್ ಡಿಸ್ಕನ್ನು ಸ್ಟುಡಿಯೊದ ಹೊಸ ಕಂಪ್ಯೂಟರಿಗೆ ಜೋಡಿಸಿದಾಗ, ಫಾರ್ಮ್ಯಾಟ್ ಮಾಡದೆ ತೆರೆಯಲಾಗದು ಎಂಬ ಸೂಚನೆ ಬಂದಿತ್ತು. ಅದು ಹಳೆಯ ಮ್ಯಾಕ್ ಕಂಪ್ಯೂಟರಿನಲ್ಲಿ ತುಂಬಿದ ಡಿಸ್ಕ್. ಹೊಸದಕ್ಕೆ ಓದಲು ಬರುತ್ತಿರಲಿಲ್ಲ, ಅಷ್ಟೆ. ಖಾಲಿಯೆಂದುಕೊಂಡ ಚಿದಾನಂದ ‘ಸರಿ’ ಒತ್ತಿ, ಅದರ ಮೇಲೆ ಬೇರೊಂದು ಮದುವೆಯ ವಿಡಿಯೊವನ್ನೂ ತುಂಬಿಬಿಟ್ಟ. ಅಳಿಸಿಹೋದದ್ದನ್ನು ಮರಳಿ ತರಲು ಆಮೇಲೆ ಯಾರಿಂದಲೂ ಆಗಲಿಲ್ಲ.

ಈಗ ಆ ಅಳಿಸಿಹೋದ ಮದುವೆಯ ಹುಡುಗಿಯೇ ಬಂದು ಎದುರಿಗೆ ಕುಳಿತಿದ್ದಳು.

“ಹಾಡು, ಆಲ್ಬಂ ಏನೂ ಬೇಡ ಸರ್. ತಾಳಿ ಕಟ್ಟೋ ಭಾಗ ಒಂದು ಕೊಡಿ, ಸಾಕು.”

ಚಿದಾನಂದ ಸುಳ್ಳು ಹೇಳಲು ಮನಸ್ಸು ಬಾರದೆ ನಡೆದದ್ದನ್ನೆಲ್ಲ ಹೇಳಿದ.

“ಫೋಟೊ?”

“ಅದೂ ಅದರಲ್ಲೇ ಇತ್ತಮ್ಮ.”

ಅವಳು ನಾಲ್ಕು ಮಾತು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಒಂದು ದಾರಿ ಇದೆ,” ಎಂದ ಅವನು. “ಕ್ಯಾಮೆರಾ ಕೈಕೊಟ್ಟಾಗ ನಾವೆಲ್ಲ ಮಾಡೋದೇ ಇದು. ಅದೇ ದೇವಸ್ಥಾನ, ಅದೇ ಸೀರೆ. ದುಡ್ಡು ಬೇಡ. ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ನಿಮ್ಮ ಯಜಮಾನ್ರನ್ನ ಕರ್ಕೊಂಡು ಬನ್ನಿ, ಇನ್ನೊಂದ್ಸಲ ತಾಳಿ ಕಟ್ಟಿಸಿಬಿಡೋಣ.”

“ಮದುವೇನೇ ಆಗಿಲ್ಲ ಅಂತ ಅವರು ಕೋರ್ಟಲ್ಲಿ ಹೇಳಿದಾರೆ ಸರ್.”