ರಾಜನ ನಾಣ್ಯದಲ್ಲಿ ಸೀಸ

ಆಯುಧಪೂಜೆಯ ರಜೆ ಮುಗಿದು ಪ್ರಯೋಗಾಲಯ ತೆರೆದಿತ್ತು. ಲೋಹ ಪರೀಕ್ಷಿಸುವ ಯಂತ್ರದ ಗಾಜಿನ ಕಣ್ಣಿನ ಮೇಲೆ ಪ್ರೊಫೆಸರು ಪುರಾತನ ಚಿನ್ನದ ನಾಣ್ಯವೊಂದನ್ನು ಇಟ್ಟರು. ಪರದೆಯಲ್ಲಿ ಚಿನ್ನದ ಜೊತೆಗೆ ಸೀಸವೂ ಕಾಣಿಸಿತು.

“ನೋಡಮ್ಮ, ರಾಜ ಪ್ರಜೆಗಳಿಗೆ ಟೋಪಿ ಹಾಕಿದ್ದಾನೆ! ಪತ್ರಿಕೆಯವರನ್ನ ಕರೆಸು.”

“ಸರ್, ಮೊದಲು ನಿಮ್ಮ ಉಂಗುರ ಇಟ್ಟು ನೋಡೋಣ,” ಎಂದಳು ಸಹಾಯಕಿ.

ಮದುವೆಯಲ್ಲಿ ಮಾವ ತೊಡಿಸಿದ ಉಂಗುರದಲ್ಲೂ ಅಷ್ಟೇ ಸೀಸ ಕಾಣಿಸಿತು. ಪ್ರೊಫೆಸರ ಮುಖ ಕಪ್ಪಿಟ್ಟಿತು.

“ಸರ್, ಸ್ವಲ್ಪ ತಡೀರಿ…”

ಅಷ್ಟರಲ್ಲಿ ಅವರು ಫೋನು ಮಾಡಿಯಾಗಿತ್ತು. “ಏನ್ ಮಾವ, ಸೀಸದ ಉಂಗುರ ತೊಡಿಸಿ ಮಗಳನ್ನ ಸಾಗಹಾಕಿದ್ರಾ? ನಿಮಗಿಂತ ಆ ರಾಜನೇ ವಾಸಿ!”

“ಅಲ್ಲೇ ಇರಿ, ಅಕ್ಕಸಾಲಿಗನನ್ನೂ ಕರ್ಕೊಂಡೇ ಬರ್ತೀನಿ,” ಎಂದು ಗುಡುಗಿದ ಮಾವ ಫೋನು ಇಟ್ಟುಬಿಟ್ಟರು.

“ಬರಲಿ, ಅವರ ಕಣ್ಣೆದುರೇ ತೋರಿಸ್ತೀನಿ. ಆ ಗಾಜು ಚೆನ್ನಾಗಿ ಒರೆಸಿಡಮ್ಮ.”

ಅವಳು ಒದ್ದೆ ಹತ್ತಿಯಿಂದ ಗಾಜನ್ನು ಒರೆಸಿ ಉಂಗುರವನ್ನು ಮತ್ತೆ ಇಟ್ಟಳು. ಈ ಸಲ ಸೀಸವೇ ಇರಲಿಲ್ಲ. ಹೊರಗೆ ಮಾವನವರ ಸ್ಕೂಟರ್ ನಿಂತ ಸದ್ದಾಯಿತು.

ಅವಳು ಕೆಂಪಾಗಿದ್ದ ಹತ್ತಿಯನ್ನು ಎತ್ತಿ ಹಿಡಿದು ಮೆಲ್ಲಗೆ ಕೇಳಿದಳು: “ಸರ್, ಪೂಜೆ ದಿನ ಯಂತ್ರದ ಕಣ್ಣಿಗೇ ಬೊಟ್ಟಿಟ್ರಲ್ಲ, ಆ ಸೀಸ ಬೆರೆಸಿದ ಕುಂಕುಮ ಯಾವ ಅಂಗಡೀದು?”